ಮೊದಲ ಕಿಡಿ

ಕಾಡ್ಗಿಚ್ಚು ಊರಿಗೆ ನುಗ್ಗದಿರಲೆಂದು ಮನೆಗೊಬ್ಬರಂತೆ ಸೇರಿ, ಕುರುಚಲು ಸವರಿ, ಅಗಲವಾದ ಬೆಂಕಿಗೆರೆ ಎಳೆದರು. ಮೂರು ದಿನವೂ ಅವರಿಗೆಲ್ಲ ಅಂಬಲಿ ಹೊತ್ತು ತಂದವಳು ಮುದುಕಿ ಜಡೆಮಾದಮ್ಮ.

ಗೆರೆಯಾಚೆಯ ಒಣಹುಲ್ಲನ್ನು ಮೊದಲೇ ಸುಟ್ಟುಬಿಟ್ಟರೆ ಕಿಚ್ಚಿಗೆ ಮೇವಿರುವುದಿಲ್ಲ. ಆ ಮೊದಲ ಕಿಡಿ ಊರಿನ ಹಿರಿಯ ಕೈಯಿಂದಲೇ ಬೀಳಬೇಕೆಂಬುದು ವಾಡಿಕೆ.

ಊರ ಯಜಮಾನ ಮುದುಕಿಯ ಕೈಗೆ ಪಂಜು ನೀಡಿದ. “ಹಚ್ಚವ್ವ. ನಿಂದು ತಣ್ಣನೆ ಕೈ. ಮಾದಪ್ಪ ಊರು ಕಾಯ್ತಾನೆ.”

“ಎಲ್ಲರ ಮನೇನೂ ಗೆರೆ ಒಳಗೇ ಅದಾ ಮಗ? ಕಣ್ಣು ಮಂಜು, ನಂಗೆ ಕಾಣಾಕಿಲ್ಲ.”

“ಊರೆಲ್ಲ ಒಳಗೇ ಅದೆ, ಹಚ್ಚು.”

ಅವಳು ಮಾದಪ್ಪನ ಬೆಟ್ಟದ ಕಡೆ ಕೈಮುಗಿದು ಹಚ್ಚಿದಳು. ಗಾಳಿ ಎತ್ತಿಕೊಂಡಿತು.

“ಅಲ್ಲೇನಪ್ಪ ಅಷ್ಟು ಜೋರಾಗಿ ಉರೀತಿರೋದು?”

“ನಿನ್ನ ಗುಡ್ಲು ಕಣವ್ವ. ಅದೊಂದಕ್ಕೋಸ್ಕರ ಗೆರೆ ಬಳಸಿ ತರಕ್ಕೆ ಇನ್ನೂ ಒಂದು ದಿನ ಹಿಡೀತಿತ್ತು.”