ಬೆಳ್ಳಿ ಕಾರ್ಡ್

"ಇನ್ನೊಂದೇ ಸಲ ನಮ್ಮ ವಿಮಾನದಲ್ಲಿ ಬಂದ್ರೆ ಪಾಯಿಂಟ್ ಭರ್ತಿಯಾಗಿ ಬೆಳ್ಳಿ ಕಾರ್ಡ್ ಸಿಗುತ್ತೆ ಮೇಡಂ. ಆಮೇಲೆ ಕ್ಯೂ ನಿಲ್ಲೋದೇ ಬೇಡ," ಎಂದಳು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ.

ಟೈಲರ್ ಕೆಲಸದ ಅಕ್ಕ ಎರಡು ವರ್ಷದಿಂದ ತಮ್ಮನನ್ನು ಚಿಕಿತ್ಸೆಗೆಂದು ವಿಮಾನದಲ್ಲಿ ಈ ಊರಿಗೆ ಕರೆತರುತ್ತಿದ್ದಳು. ಬಿಟ್ಟಿ ಬಂದದ್ದನ್ನು ಬಿಡುವವಳಲ್ಲ. ಪ್ರತಿ ಸಲವೂ ಮರೆಯದೆ ಪಾಯಿಂಟು ಸೇರಿಸುತ್ತಿದ್ದಳು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿಗೆ ಸೂಜಿ ಚುಚ್ಚುವಾಗ ಇಬ್ಬರೂ ಆ ಕಾರ್ಡಿನ ಮಾತನ್ನೇ ಆಡುತ್ತಿದ್ದರು. ಈಗ ಅವಳು ತಮ್ಮನ ಮುಖ ನೋಡಿದಳು.

"ಇನ್ನು ಬರಲ್ಲಮ್ಮ," ಎಂದ ತಮ್ಮ. "ಪೂರ್ತಿ ವಾಸಿಯಾಗಿದೆ, ಮತ್ತೆ ಬರ್ಬೇಡಿ ಅಂತ ಡಾಕ್ಟರು ಬೆಳಿಗ್ಗೆ ಹೇಳಿದ್ರು." ಆಮೇಲೆ ಅಕ್ಕನ ಕಡೆ ತಿರುಗಿದ. "ಅಷ್ಟು ಆಸೆ ಇದ್ರೆ ಹೇಳಕ್ಕಾ, ಇನ್ನೊಂದ್ಸಲ ಮಲಗ್ತೀನಿ."

"ಬಿಡ್ತು ಅನ್ನೋ!" ಎಂದು ಅಕ್ಕ ಅವನ ಬೆನ್ನಿಗೊಂದು ಗುದ್ದಿದಳು. ಎರಡು ವರ್ಷದಲ್ಲಿ ಅವಳು ಅವನನ್ನು ಹೊಡೆದದ್ದು ಅದೇ ಮೊದಲು.