ನೇಪಾಳಕ್ಕೆ ಎರಡನೆಯ ಸಲ

"ನೇಪಾಳಕ್ಕೆ ಆಧಾರ್ ನಡೆಯಲ್ಲ ಸರ್," ಎಂದಳು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ. "ಪಾಸ್‌ಪೋರ್ಟ್ ಕೊಡಿ, ಇಲ್ಲಾಂದ್ರೆ ವೋಟರ್ ಕಾರ್ಡ್."

ನಮ್ಮಿಬ್ಬರಿಗೂ ಪಾಸ್‌ಪೋರ್ಟ್ ಇರಲಿಲ್ಲ. ನನ್ನ ವೋಟರ್ ಕಾರ್ಡ್ ನೋಡಿ ಅವಳು ಆಗಲೇ ಬೋರ್ಡಿಂಗ್ ಪಾಸ್ ಕೊಟ್ಟಿದ್ದಳು. ನನ್ನ ಗಂಡ ಮಾತ್ರ ಪರ್ಸು, ಜೇಬು, ಬ್ಯಾಗು ಎಲ್ಲವನ್ನೂ ಮೂರನೇ ಸಲ ತಡಕುತ್ತಿದ್ದರು.

ಹೋದ ವರ್ಷ ಇದೇ ಕೌಂಟರಿನಲ್ಲಿ ಹೀಗೆ ತಡಕಿದವಳು ನಾನು. "ಒಂದು ಕಾರ್ಡು ಜೋಪಾನ ಮಾಡೋಕೆ ಬರಲ್ಲ ಇವಳಿಗೆ" ಎಂದು ಎಲ್ಲರೆದುರು ನಕ್ಕು, ನನ್ನನ್ನು ಮನೆಗೆ ಕಳಿಸಿ, ಅವರು ಗೆಳೆಯರ ಗುಂಪಿನೊಡನೆ ಪಶುಪತಿನಾಥನನ್ನು ನೋಡಿ ಬಂದಿದ್ದರು, ಕೊರಳಿಗೆ ರುದ್ರಾಕ್ಷಿ ಬೇರೆ ಹಾಕಿಕೊಂಡು. ಈ ಸಲ ನನ್ನ ಹಟಕ್ಕೆ ಇಬ್ಬರೇ ಹೊರಟಿದ್ದೆವು.

"ನಿನ್ನೆ ಬ್ಯಾಗಲ್ಲೇ ಇಟ್ಟಿದ್ದೆ ಕಣೇ! ನೀನೇನಾದ್ರೂ ತೆಗೆದ್ಯಾ?"

"ಹೊತ್ತಾಯ್ತು, ನಾನು ಹೊರಡ್ತೀನಿ. ನೀವು ಮನೆಗೆ ಹೋಗಿ ಊಟ ಮಾಡಿ, ಸಾರು ಮಾಡಿಟ್ಟಿದೀನಿ."

"ತಮಾಷೆ ಬೇಡ. ಎಲ್ಲಿದೆ ಹೇಳು ನನ್ನ ಕಾರ್ಡು?"

ನಾನು ಚೀಲವನ್ನು ಹೆಗಲಿಗೇರಿಸಿಕೊಂಡೆ.

"ನಿಮ್ಮ ಅಂಗಡಿ ಗಲ್ಲಾದಲ್ಲಿ, ಹಾಸಿರೋ ಪೇಪರಿನ ಕೆಳಗೆ. ಹೋದ ವರ್ಷ ನೀವು ನನ್ನದನ್ನ ಬಚ್ಚಿಟ್ಟ ಜಾಗದಲ್ಲೇ ಇಟ್ಟಿದೀನಿ ರೀ."