ಬಾಗಿಲ ಹಿಂದಿನ ನೀಲಿ ಗೆರೆಗಳು

ಖಡುವಿನ, ಅಂದರೆ ಸೀಮೆಸುಣ್ಣದ, ವಾಸನೆ ಬಂದರೆ ನನಗೆ ಈಗಲೂ ಇಚಲಕರಂಜಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಮಗ್ಗದ ಬಟ್ಟೆಗೆ ಗುರುತು ಹಾಕಲು ಅಪ್ಪ ತಂದಿಟ್ಟಿದ್ದ ನೀಲಿ ಖಡುಗಳು ಆಗ ಮನೆಯಲ್ಲಿ ಒಂದೊಂದಾಗಿ ಕಾಣೆಯಾಗುತ್ತಿದ್ದವು.

ಕೊಲ್ಹಾಪುರದಲ್ಲಿ ಕ್ಯಾನ್ಸರ್ ಆಪರೇಷನ್ ಮಾಡಿ ಅವ್ವನ ಬಲಭಾಗದ ಮೊಲೆ ತೆಗೆದು ತಿಂಗಳಾಗಿತ್ತು. ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಅವಳ ತುರುಬನ್ನು ಅಜ್ಜಿಯೇ ಕಟ್ಟುತ್ತಿದ್ದಳು. ಕಟ್ಟುವಾಗೆಲ್ಲ, "ಕೈ ಎತ್ತಬ್ಯಾಡ, ಹೊಲಿಗಿ ಬಿಚ್ಚತಾವು," ಎನ್ನುತ್ತಿದ್ದಳು. ಆದರೂ ಮಧ್ಯಾಹ್ನವಾದರೆ ಅವ್ವ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಒಳಗ ಏನ್ ನಡಸ್ಯಾಳ ನಿಮ್ಮವ್ವ? ಸಪ್ಪಳ ಮಾಡದ ನೋಡಿ ಬಾ," ಎಂದು ಅಜ್ಜಿ ನನ್ನನ್ನು ಕಳಿಸಿದಳು.

ನಾನು ಬಾಗಿಲು ತಳ್ಳಿದೆ. ಅವ್ವ ಬಿಚ್ಚಿದ ಕೂದಲಲ್ಲೇ ಗೋಡೆಗೆ ಮುಖ ಮಾಡಿ ನಿಂತು, ಹಲ್ಲು ಕಚ್ಚಿ, ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಇಷ್ಟಿಷ್ಟೇ ಹತ್ತಿಸುತ್ತಿದ್ದಳು. ಬೆರಳು ಮುಟ್ಟಿದಲ್ಲಿ ಖಡುವಿನಿಂದ ಗೆರೆ ಎಳೆದಳು. ಅದರ ಕೆಳಗೆ ಹಿಂದಿನ ದಿನಗಳ ಗೆರೆಗಳಿದ್ದವು.

"ಅಜ್ಜಿ ಕಳಿಸ್ಯಾಳೇನು?" ಎಂದಳು. "ದವಾಖಾನಿ ಸಿಸ್ಟರ್ ದಿನಾ ಮಾಡಂದಾರ. ಬಿಟ್ರ ಕೈ ಹಿಂಗ ಉಳೀತೈತಿ. ಹೇಳಬ್ಯಾಡ."

ನಾನು ಹೊರಬಂದು, "ಮಲಗ್ಯಾಳ," ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದಳು.

ಆಮೇಲೆ ಎಂದಿನಂತೆ ಅವ್ವನ ತುರುಬು ಕಟ್ಟಲು ಅಜ್ಜಿ ಬಾಚಣಿಗೆ, ಎಣ್ಣೆ ಬಾಟಲಿ ಹಿಡಿದು ಕೂತಳು. ಅವ್ವ ಹೊರಗೆ ಬಂದಾಗ ತುರುಬು ಸೊಟ್ಟಗಿತ್ತು, ಅದರ ತುಂಬ ನೀಲಿ ಪುಡಿ. ಅಜ್ಜಿ ಬಾಚಣಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಮಲಗಿದಾಕಿಗೆ ತುರುಬ ಯಾರ ಕಟ್ಟಿದ್ರು?"